ಚರ್ಮದ ಉರಿ, ತುರಿಕೆಗೆ ಗಿಡದ ರಸ ಹಚ್ಚೋರು ಮೊದ್ಲು ಇದನ್ನ ಓದ್ಕೊಳಿ

ಹೋದ ವರ್ಷ ಮಳೆಗಾಲ ಮುಗಿಯೋ ಟೈಮಲ್ಲಿ ನಮ್ಮ ಚಿಕ್ಕಮ್ಮಂಗೆ ಕತ್ತಿನ ಹತ್ರ ಕೆಂಪಗಾಗಿ ತುರಿಕೆ ಶುರುವಾಯ್ತು. ತೋಟದ ಕೆಲಸ, ಬೆವರು, ಏನೋ ತಾಗಿರ್ಬೇಕು ಅಂತ ಸುಮ್ನಿದ್ರು. ಮೂರನೇ ದಿನ ಯಾರೋ ಲೋಳೆಸರ ಹಚ್ಚು ಅಂದ್ರಂತೆ, ಬೇಲಿ ಸಾಲಲ್ಲಿ ದಪ್ಪ ಎಲೆ, ಅಂಚಲ್ಲಿ ಮುಳ್ಳು ಇರೋ ಗಿಡ ಇತ್ತಲ್ಲ ಅದರದ್ದೇ ಒಂದು ಎಲೆ ಕುಯ್ಕೊಂಡು ಬಂದು ರಸ ಹಿಂಡಿ ಕತ್ತಿಗೆ ತಿಕ್ಕಿದಾರೆ. ಹತ್ತು ನಿಮಿಷಕ್ಕೆ ಬೆಂಕಿ ಇಟ್ಟಂಗೆ ಉರಿ. ಬೆಳಿಗ್ಗೆ ಎದ್ರೆ ಕತ್ತಿನ ತುಂಬಾ ಸಣ್ಣ ಸಣ್ಣ ನೀರುಗುಳ್ಳೆ.

ಅದು ಲೋಳೆಸರ ಅಲ್ಲ, ಕತ್ತಾಳೆ. ಹಗ್ಗ ಹೊಸೀತಾರಲ್ಲ ಆ ನಾರಿನ ಗಿಡ. ಕೆಲವು ಕಡೆ ಎರಡಕ್ಕೂ ಕತ್ತಾಳೆ ಅಂತಾನೇ ಕರೆಯೋದ್ರಿಂದ ಕನ್ಫ್ಯೂಸ್ ಆಗೋದು ಸಹಜ. ಕತ್ತಾಳೆ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋದು ಸೂಜಿ ಥರ ಹರಳಾಗಿ ಇರತ್ತೆ, ಚರ್ಮಕ್ಕೆ ಚುಚ್ಚತ್ತೆ. ಪತ್ರೊಡೆ ಮಾಡೋರಿಗೆ ಗೊತ್ತಿರತ್ತೆ, ಕೆಸುವಿನೆಲೆ ಕೈ ತುರಿಸೋದೂ ಇದೇ ಹರಳಿಂದ.

ಆಮೇಲಿಂದ ನಮ್ಮ ಸಂಬಂಧಿಕರಲ್ಲಿ ಯಾರಿಗೆ ತುರಿಕೆ ಬಂದ್ರೂ ನಂಗೆ ಫೋನ್. ನಾನು ಡಾಕ್ಟರ್ ಅಲ್ಲ. ಆದ್ರೆ ಪಾತ್ರೆ ತೊಳೆಯೋ ಸೋಪಿಂದ ಕೈ ಇಸುಬು ಬಂದು ಹತ್ತು ವರ್ಷದಿಂದ ಅದರ ಜೊತೆ ಗುದ್ದಾಡ್ತಿದೀನಿ, ಹಿತ್ತಲ ಸೊಪ್ಪಿಂದ ಹಿಡಿದು ಕೊರಿಯಾ ಕ್ರೀಮ್ ತನಕ ಎಲ್ಲಾ ಹಚ್ಚಿ ನೋಡಿದೀನಿ. ಒಂದೊಂದೇ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ.

ಮೊದಲನೇದು: ಅದು ಏನು ಅಂತ ನೋಡ್ಕೊಳಿ

ಗಿಡ ಹುಡುಕೋಕೆ ಮುಂಚೆ ಕೆಂಪಾಗಿರೋ ಜಾಗನ ಹಗಲು ಬೆಳಕಲ್ಲಿ ಸರಿಯಾಗಿ ನೋಡಿ, ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ತುರಿಕೆ, ಉರಿ, ಕೆಂಪು ಇವು ಎಲ್ಲದ್ರಲ್ಲೂ ಇರತ್ತೆ, ಆದ್ರೆ ಒಳಗಿನ ಕಾರಣ ಬೇರೆ ಬೇರೆ.

ಚರ್ಮ ಒಣಗಿ ಬಿರುಕು ಬಿಟ್ಟು, ಮೊಣಕೈ ಮಡಿಕೆ, ಮಂಡಿ ಹಿಂದೆ, ಬೆರಳುಗಳಲ್ಲಿ ತುರಿಕೆ ಇದ್ರೆ ಅದು ಬಹುಶಃ ಇಸುಬು, ಎಕ್ಸಿಮಾ ಅಂತಾರಲ್ಲ ಅದು. ಗಿಡದ ಸಾರ ಅಲ್ಪ ಸ್ವಲ್ಪ ಕೆಲಸ ಮಾಡೋದು ಇಲ್ಲೇ. ಬೆವರುಸಾಲೆ, ಬಿಸಿಲಿಗೆ ಕೆಂಪಾಗಿರೋದು, ಸೊಳ್ಳೆ ಕಚ್ಚಿರೋದು, ಇವಕ್ಕೂ ಹಿತ ಕೊಡತ್ತೆ.

ಉಂಗುರದ ಥರ ಗುಂಡಗೆ, ಅಂಚು ಮಾತ್ರ ಕೆಂಪಾಗಿ ಉಬ್ಬಿ ದೊಡ್ಡದಾಗ್ತಾ ಹೋಗ್ತಿದ್ರೆ ಅದು ಹುಳುಕಡ್ಡಿ, ಗಜಕರ್ಣ. ಅದು ಫಂಗಸ್. ಅದಕ್ಕೆ ಫಂಗಸ್ ಕೊಲ್ಲೋ ಔಷಧಿ ಬೇಕು, ವಾರಗಟ್ಲೆ ಬೇಕು. ರಾತ್ರಿ ಹೊತ್ತು ಜಾಸ್ತಿ ತುರಿಸ್ತಿದ್ರೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ರೆ, ಮನೇಲಿ ಇನ್ನೊಬ್ರಿಗೂ ಶುರುವಾಗಿದ್ರೆ ಅದು ಕಜ್ಜಿ ಹುಳ, ಮನೆಯವರೆಲ್ಲಾ ಒಟ್ಟಿಗೆ ಮದ್ದು ಹಚ್ಕೋಬೇಕು, ಒಬ್ರು ಬೇವಿನೆಲೆ ಸ್ನಾನ ಮಾಡಿದ್ರೆ ಹೋಗಲ್ಲ.

ಇನ್ನೊಂದು, ಮೈಯ ಒಂದೇ ಪಕ್ಕದಲ್ಲಿ ಪಟ್ಟಿ ಥರ ನೋವು ಸಮೇತ ಗುಳ್ಳೆ ಎದ್ರೆ ಅದು ಸರ್ಪಸುತ್ತು. ಊರ ಕಡೆ ಇದಕ್ಕೆ ಕೆಮ್ಮಣ್ಣು ಬಳಿಯೋದು, ಸೊಪ್ಪಿನ ರಸ ಹಚ್ಚೋದು ಇನ್ನೂ ನಡೀತಿದೆ. ಅದು ವೈರಸ್ಸು, ಚಿಕನ್‌ಪಾಕ್ಸ್ ತರೋ ವೈರಸ್ಸೇ ನರದಲ್ಲಿ ಮಲಗಿದ್ದು ಎದ್ದು ಬರೋದು, ಮಾತ್ರೆ ಗುಳ್ಳೆ ಎದ್ದು 72 ಗಂಟೆ ಒಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡತ್ತೆ. ಮಣ್ಣು ಬಳ್ಕೊಂಡು ಕೂತು ಆ ಮೂರು ದಿನ ಕಳ್ಕೋಬೇಡಿ, ಈ ಕಾಯಿಲೆ ಆದ ಕೆಲವರಿಗೆ ನೋವು ತಿಂಗಳುಗಟ್ಲೆ ಉಳ್ಕೊಳ್ಳತ್ತೆ. ಕಣ್ಣಿನ ಹತ್ರ ಬಂದ್ರಂತೂ ಅವತ್ತೇ ಹೋಗಿ.

ಕೀವು, ಜ್ವರ, ಬೇಗ ಬೇಗ ಹರಡೋದು, ಶುಗರ್ ಇರೋರ ಕಾಲಿನ ಗಾಯ, ಹಸುಗೂಸಿನ ಚರ್ಮ, ಇವ್ಯಾವಕ್ಕೂ ಕೆಳಗಿರೋದನ್ನ ಟ್ರೈ ಮಾಡ್ಬೇಡಿ.

ಕಾಂಗ್ರೆಸ್ ಗಿಡದ ಕಥೆ

ಇದನ್ನ ಬೇರೆಯಾಗಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆಯವರು ತಪ್ಪು ಮಾಡೋದು ಜಾಸ್ತಿ ಇಲ್ಲೇ. ಖಾಲಿ ಸೈಟು, ರೋಡ್ ಪಕ್ಕ, ರೈಲ್ವೆ ಹಳಿ, ಎಲ್ಲಿ ನೋಡಿದ್ರೂ ಬಿಳಿ ಹೂವಿನ ಕಾಂಗ್ರೆಸ್ ಗಿಡ ಅಂದ್ರೆ ಪಾರ್ಥೇನಿಯಂ ಇರತ್ತಲ್ಲ, 1950ರ ದಶಕದಲ್ಲಿ ಪುಣೆ ಹತ್ರ ಕಾಣಿಸ್ಕೊಂಡಿದ್ದು ಈಗ ದೇಶ ತುಂಬಾ ಇದೆ. ಅದರಲ್ಲಿರೋ ಪಾರ್ಥೇನಿನ್ ಅನ್ನೋ ವಸ್ತು ಕೆಲವರಿಗೆ ಅಲರ್ಜಿ ತರತ್ತೆ, ಮುಟ್ಲೇಬೇಕು ಅಂತಿಲ್ಲ, ಒಣಗಿದ ಗಿಡದ ಪುಡಿ ಗಾಳೀಲಿ ಹಾರಿ ಬಂದು ಕೂತ್ರೂ ಸಾಕು. ರೆಪ್ಪೆ, ಕತ್ತು, ಮೊಣಕೈ ಮಡಿಕೆ, ಅಂದ್ರೆ ಬಟ್ಟೆ ಮುಚ್ಚದ ಜಾಗ ಮತ್ತು ಧೂಳು ನಿಲ್ಲೋ ಮಡಿಕೆಗಳಲ್ಲಿ ಕೆಂಪಾಗಿ ದಪ್ಪ ಆಗತ್ತೆ. ಪ್ರತಿ ವರ್ಷ ಅದೇ ಸೀಸನ್ನಲ್ಲಿ ನಿಮಗೆ ಹೀಗಾಗ್ತಿದ್ರೆ ಮೊದ್ಲು ಅನುಮಾನ ಪಡ್ಬೇಕಾಗಿರೋದು ಇದನ್ನೇ.

ಈಗ ಮಜಾ ನೋಡಿ. ಪಾರ್ಥೇನಿಯಂ ಸೇವಂತಿಗೆ ಕುಟುಂಬದ ಗಿಡ. ಅದೇ ಕುಟುಂಬದಲ್ಲಿ ಚೆಂಡುಹೂವು, ಸೂರ್ಯಕಾಂತಿ, ನಮ್ಮ ಗರುಗದ ಸೊಪ್ಪು ಅಂದ್ರೆ ಭೃಂಗರಾಜ, ಅಂಗಡೀಲಿ ಸೂಕ್ಷ್ಮ ಚರ್ಮಕ್ಕೆ ಅಂತ ಮಾರೋ ಕ್ಯಾಮೊಮೈಲ್, ಕ್ಯಾಲೆಂಡುಲಾ ಎಲ್ಲಾ ಬರತ್ತೆ. ಒಂದಕ್ಕೆ ಅಲರ್ಜಿ ಇದ್ದೋರಿಗೆ ಇನ್ನೊಂದಕ್ಕೂ ಆಗೋ ಸಾಧ್ಯತೆ ಇದೆ. ಕಾಂಗ್ರೆಸ್ ಗಿಡಕ್ಕೆ ಮುಖ ಊದಿಸ್ಕೊಂಡೋರು ಅದನ್ನ ತಣಿಸೋಕೆ ಅಂತ ಕ್ಯಾಮೊಮೈಲ್ ಕ್ರೀಮ್ ತಗೊಂಡು ಹಚ್ಚಿದ್ರೆ ಬೆಂಕಿಗೆ ಸೀಮೆಎಣ್ಣೆ ಸುರಿದಂಗೆ ಆಗ್ಬಹುದು. ನಿಮಗೆ ಪಾರ್ಥೇನಿಯಂ ಆಗಲ್ಲ ಅಂತ ಗೊತ್ತಿದ್ರೆ ಈ ಕುಟುಂಬನ ಪೂರ್ತಿ ಪಕ್ಕಕ್ಕೆ ಇಟ್ಬಿಡಿ, ಬೇರೆ ಗಿಡಕ್ಕೇನು ಬರ ಇಲ್ಲ.

ಎರಡನೇದು: ಯಾವ ಗಿಡ, ಯಾವ ಭಾಗ

ಗಿಡ ಒಳ್ಳೇದು ಅನ್ನೋ ಮಾತಿಗೆ ಅರ್ಥನೇ ಇಲ್ಲ. ಒಂದೇ ಎಲೆಯಲ್ಲಿ ಒಂದು ಪದರ ತಣಿಸತ್ತೆ, ಪಕ್ಕದ ಪದರ ಸುಡತ್ತೆ. ಲೋಳೆಸರನೇ ಇದಕ್ಕೆ ಬೆಸ್ಟ್ ಉದಾಹರಣೆ.

ಲೋಳೆಸರ ಎಲೆ ಕುಯ್ದ ತಕ್ಷಣ ಸಿಪ್ಪೆ ಕೆಳಗಿಂದ ಹಳದಿ ರಸ ಇಳಿಯತ್ತೆ ನೋಡಿ, ಕಹಿ, ಒಂಥರಾ ವಾಸನೆ. ಅದರಲ್ಲಿ ಅಲೋಯಿನ್ ಇರತ್ತೆ, ತುಂಬಾ ಜನಕ್ಕೆ ಚರ್ಮ ಕೆರಳಿಸೋದು ಅದೇ. ನಮಗೆ ಬೇಕಾಗಿರೋದು ಒಳಗಿನ ಗಾಜಿನಂಥ ಲೋಳೆ ಮಾತ್ರ, ಅದು ಹೆಚ್ಚುಕಮ್ಮಿ ಶೇ. 99 ನೀರು, ಉಳಿದಿದ್ರಲ್ಲಿ ತೇವ ಹಿಡಿದಿಡೋ ಸಕ್ಕರೆ ಜಾತಿಯ ಅಂಶಗಳು. ಹೀಗೆ ಮಾಡಿ: ಬುಡದ ಹತ್ರದ ಬಲಿತ ಎಲೆ ಕುಯ್ದು, ಕುಯ್ದ ಬಾಯಿ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿ ಕಾಲು ಗಂಟೆ ಬಿಡಿ. ಲೋಟದ ತಳದಲ್ಲಿ ಚಹಾ ಡಿಕಾಕ್ಷನ್ ಬಣ್ಣದ್ದು ಒಂದು ಚಮಚ ಇಳಿದಿರತ್ತೆ, ಅದನ್ನ ಚೆಲ್ಲಿ. ಎಲೆ ತೊಳೆದು, ಎರಡೂ ಕಡೆ ಮುಳ್ಳಿನ ಅಂಚು ತೆಗೆದು, ಸಿಪ್ಪೆ ಸ್ವಲ್ಪ ದಪ್ಪಗೇ ಹೆರೆದು, ಒಳಗಿನ ಲೋಳೆ ತುಂಡನ್ನ ಇನ್ನೊಂದ್ಸಲ ನೀರಲ್ಲಿ ತೊಳೀರಿ. ಎಷ್ಟೋ ಜನ ಎಲೆ ಮುರಿದು ಹಾಗೇ ಮುಖಕ್ಕೆ ತಿಕ್ಕಿ ನಂಗೆ ಲೋಳೆಸರ ಆಗಲ್ಲ ಅಂತಾರೆ, ಅವರಿಗೆ ಆಗ್ದೇ ಇರೋದು ಈ ಹಳದಿ ರಸ. ಮತ್ತೆ ಲೋಳೆಸರನೋ ಕತ್ತಾಳೆನೋ ಅಂತ ಡೌಟಿದ್ರೆ ಎಲೆ ಅಡ್ಡ ಕುಯ್ದು ನೋಡಿ, ಲೋಳೆಸರ ಸೌತೆಕಾಯಿ ಥರ ಸಲೀಸಾಗಿ ಕತ್ತರಿಸತ್ತೆ, ಕತ್ತಾಳೇಲಿ ನಾರು ಎಳೆ ಎಳೆ ಬರತ್ತೆ, ಎಲೆ ತುದೀಲಿ ದಬ್ಬಣದಂಥ ಗಟ್ಟಿ ಮುಳ್ಳಿರತ್ತೆ.

ಒಂದೆಲಗ. ಕರಾವಳಿ ಕಡೆ ತಿಮರೆ, ನಮ್ಮಲ್ಲಿ ಕೆಲವರು ಉರಗೆ ಅಂತಾರೆ, ತಂಬುಳಿ ಮಾಡ್ಕೊಂಡು ಉಣ್ತೀವಲ್ಲ ಅದೇ. ಇದನ್ನ ಬ್ರಾಹ್ಮಿ ಅಂತ್ಲೂ ಕರೀತಾರೆ, ಆದ್ರೆ ನೀರು ಬ್ರಾಹ್ಮಿ ಬೇರೆ ಗಿಡ, ಸಣ್ಣ ದಪ್ಪ ಎಲೆಯದ್ದು. ಒಂದೆಲಗದ ಎಲೆ ದುಂಡಗೆ, ತೊಟ್ಟಿನ ಹತ್ರ ಒಳಕ್ಕೆ ಸೀಳಿರತ್ತೆ. ಸಾವಿರಾರು ರೂಪಾಯಿಗೆ ಸಿಕಾ ಕ್ರೀಮ್ ಅಂತ ಕೊರಿಯಾದಿಂದ ಬರತ್ತಲ್ಲ, ಆ ಸಿಕಾ ಇದೇ ನಮ್ಮ ಗದ್ದೆ ಬದುವಿನ ಒಂದೆಲಗ. ನಂಗೆ ಗೊತ್ತಾದ ದಿನ ತಲೆ ಚಚ್ಕೊಂಡೆ. ಇದರಲ್ಲಿರೋ ಏಷ್ಯಾಟಿಕೋಸೈಡ್, ಮೆಡೆಕಾಸೋಸೈಡ್ ಅನ್ನೋ ಅಂಶಗಳು ಗಾಯ ಮಾಯಿಸೋದ್ರಲ್ಲಿ, ಉರಿ ಇಳಿಸೋದ್ರಲ್ಲಿ ಕೆಲಸ ಮಾಡತ್ತೆ ಅಂತ ಲ್ಯಾಬಲ್ಲಿ ಚೆನ್ನಾಗಿ ತೋರಿಸಿದಾರೆ, ಮನುಷ್ಯರ ಮೇಲಿನ ಪರೀಕ್ಷೆಗಳು ಇವೆ ಆದ್ರೆ ಸಣ್ಣ ಸಣ್ಣವು. ಒಂದು ಎಚ್ಚರ: ಇದು ಬೆಳೆಯೋದು ಚರಂಡಿ ಪಕ್ಕ, ತೋಟದ ಕಾಲುವೆ, ಕೊಟ್ಟಿಗೆ ನೀರು ಹರಿಯೋ ಜಾಗದಲ್ಲಿ. ಹಸಿ ಅರೆದು ಬಿರುಕಿಗೆ ಹಚ್ಚಬೇಡಿ. ಒಂದು ಹಿಡಿ ಎಲೆ ಚೆನ್ನಾಗಿ ತೊಳೆದು ಒಂದು ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಪೂರ್ತಿ ಆರಿಸಿ, ಆ ನೀರಲ್ಲಿ ಹತ್ತಿ ಬಟ್ಟೆ ಅದ್ದಿ ಹಾಕ್ಕೊಳಿ.

ಓಟ್ಸ್ ನಮ್ಮ ಅಜ್ಜಿಯರ ಪಟ್ಟೀಲಿ ಇರ್ಲಿಲ್ಲ, ಆದ್ರೆ ಈ ಇಡೀ ಲೇಖನದಲ್ಲಿ ನಂಗೆ ಜಾಸ್ತಿ ನಂಬಿಕೆ ಇರೋದು ಅದರ ಮೇಲೇನೇ. ನುಣ್ಣಗೆ ಪುಡಿ ಮಾಡಿದ ಓಟ್ಸನ್ನ ಚರ್ಮ ಕಾಯೋ ಔಷಧಿ ಅಂತ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ 2003ರಲ್ಲೇ ಒಪ್ಕೊಂಡಿದೆ. ಅದರಲ್ಲಿ ಅವೆನಾಂತ್ರಮೈಡ್ ಅಂತ ತುರಿಕೆ ತಣಿಸೋ ಅಂಶ ಇದೆ. ಪ್ಲೇನ್ ಓಟ್ಸ್ ತಗೊಳಿ (ಮಸಾಲೆ ಓಟ್ಸ್ ಬೇಡ ಮಾರಾಯ್ರೆ, ನಂಗೆ ನಿಜವಾಗ್ಲೂ ಒಬ್ರು ಕೇಳಿದ್ರು), ಮಿಕ್ಸೀಲಿ ಹಿಟ್ಟಿನ ಥರ ಮಾಡಿ, ಒಂದು ಚಮಚ ಲೋಟದ ನೀರಿಗೆ ಹಾಕಿ ಕಲಸಿ. ನೀರು ಹಾಲಿನ ಥರ ಆದ್ರೆ ಸರಿ, ತಳದಲ್ಲಿ ಕೂತ್ರೆ ಇನ್ನೊಂದು ಸುತ್ತು ರುಬ್ಬಿ. ನಮ್ಮಲ್ಲಿ ಟಬ್ ಎಲ್ಲಿಂದ ಬರ್ಬೇಕು, ಅರ್ಧ ಲೋಟ ಪುಡೀನ ಹಳೇ ಪಂಚೆ ಬಟ್ಟೇಲಿ ಗಂಟು ಕಟ್ಟಿ ಉಗುರು ಬೆಚ್ಚಗಿನ ನೀರಿನ ಬಕೆಟಲ್ಲಿ ಹಿಂಡಿ ಹಿಂಡಿ ಹಾಲು ಬಿಡಿಸಿ. ಆ ಗಂಟನ್ನೇ ಮೈಗೆ ಮೆಲ್ಲಗೆ ಒತ್ತಿಕೊಳ್ಳಿ, ತಿಕ್ಕಬೇಡಿ, ಸೋಪು ಬೇಡ. ಬಾತ್‌ರೂಮ್ ನೆಲ ಪಾಚಿ ಕಟ್ಟಿದಂಗೆ ಜಾರತ್ತೆ, ವಯಸ್ಸಾದವರಿದ್ರೆ ಸ್ನಾನ ಆದ್ಮೇಲೆ ನೆಲ ತೊಳೆದೇ ಬನ್ನಿ.

ಅರಿಶಿನ. ಇದರ ಬಗ್ಗೆ ಏನಾದ್ರೂ ಅಂದ್ರೆ ಜನ ಜಗಳಕ್ಕೇ ಬರ್ತಾರೆ. ಗಾಯಕ್ಕೆ ಅರಿಶಿನ ಹಾಕೋದಕ್ಕೇ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಬಿಟ್ಟಿದ್ರು, ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಬರಹಗಳನ್ನೆಲ್ಲಾ ತೋರಿಸಿ ಇದು ನಮಗೆ ಮೊದ್ಲಿಂದ್ಲೂ ಗೊತ್ತು ಅಂತ ಹೋರಾಡಿ 1997ರಲ್ಲಿ ರದ್ದು ಮಾಡಿಸ್ತು, ಹೆಮ್ಮೆ ಸರಿ. ಆದ್ರೆ ಅಡುಗೆಮನೆ ಅರಿಶಿನದಲ್ಲಿ ಕರ್ಕ್ಯುಮಿನ್ ಅನ್ನೋ ಮುಖ್ಯ ಅಂಶ ಇರೋದು ಸುಮಾರು ಶೇ. 3, ಅದು ನೀರಲ್ಲಿ ಕರಗೋದೇ ಇಲ್ಲ ಅನ್ನೋಷ್ಟು ಕಮ್ಮಿ. ನೀರಲ್ಲಿ ಕಲಸಿ ಬಳ್ಕೊಂಡ್ರೆ ಬಣ್ಣ ಜಾಸ್ತಿ, ಕೆಲಸ ಕಮ್ಮಿ. ಎಣ್ಣೇಲಿ ಸ್ವಲ್ಪ ವಾಸಿ. ಹಚ್ಚಲೇಬೇಕು ಅಂದ್ರೆ ಎರಡು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಿಟಿಕೆ ಸಾಕು, ಅದೂ ಮನೇಲೇ ಕೊಂಬಿಂದ ಪುಡಿ ಮಾಡಿದ್ದಾದ್ರೆ ಒಳ್ಳೇದು, ಬಣ್ಣ ಹೊಳೀಲಿ ಅಂತ ಲೆಡ್ ಕ್ರೋಮೇಟ್ ಅನ್ನೋ ಸೀಸದ ವಿಷ ಬಣ್ಣ ಬೆರೆಸಿದ ಅರಿಶಿನ ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಸಿಕ್ಕಿದೆ. ಅರಿಶಿನಕ್ಕೇ ಅಲರ್ಜಿ ಇರೋರೂ ಇದಾರೆ, ಹಣೇಲಿ ಕುಂಕುಮ ಇಡೋ ಜಾಗ ಕಪ್ಪಾಗಿ ತುರಿಸ್ತಿದ್ರೆ ಮೊದ್ಲು ಅದನ್ನ ನಿಲ್ಲಿಸಿ ನೋಡಿ.

ಕೊಬ್ಬರಿ ಎಣ್ಣೆ ಬಗ್ಗೆ ಒಂದು ಒಳ್ಳೇ ಪರೀಕ್ಷೆ ಫಿಲಿಪ್ಪೀನ್ಸಲ್ಲಿ ಆಗಿದೆ, 2014ರಲ್ಲಿ ಪ್ರಕಟ ಆಗಿದ್ದು. ಇಸುಬು ಇರೋ 117 ಮಕ್ಕಳಲ್ಲಿ ಕೆಲವರಿಗೆ ವರ್ಜಿನ್ ಕೊಬ್ಬರಿ ಎಣ್ಣೆ, ಉಳಿದವರಿಗೆ ಮಿನರಲ್ ಆಯಿಲ್, ಎಂಟು ವಾರ. ಕೊಬ್ಬರಿ ಎಣ್ಣೆಯವರಿಗೆ ಜಾಸ್ತಿ ವಾಸಿಯಾಯ್ತು. ಆದ್ರೆ ಮೂಗಿನ ಪಕ್ಕ, ಹುಬ್ಬಿನ ಮೇಲೆ, ತಲೇಲಿ ಜಿಡ್ಡು ಜಿಡ್ಡಾಗಿ ಹೊಟ್ಟು ಏಳೋ ಕೇಸಿಗೆ ಎಣ್ಣೆ ಹಚ್ಚಬೇಡಿ, ಅಲ್ಲಿರೋ ಫಂಗಸ್ಸಿಗೆ ಕೊಬ್ಬೇ ಊಟ. ಮೊಡವೆ ಮುಖಕ್ಕೂ ಬೇಡ. ಆಲಿವ್ ಎಣ್ಣೆ, ಸಾಸಿವೆ ಎಣ್ಣೆ ಇಸುಬಿಗೆ ಬೇಡವೇ ಬೇಡ, ಚರ್ಮದ ಮೇಲ್ಪದರನ ಇನ್ನೂ ಸಡಿಲ ಮಾಡತ್ತೆ. ಹಿಮ್ಮಡಿ, ಬೆರಳ ತುದಿ ಒಡೆದಿದ್ರೆ ಉತ್ತರ ಕನ್ನಡದ ಕಡೆಯ ಮುರುಗಲ ತುಪ್ಪ ಸಿಕ್ರೆ ಬಿಡಬೇಡಿ, ಗಟ್ಟಿ ಉಂಡೆ ಥರ ಇರತ್ತೆ, ಅಂಗೈ ಬಿಸಿಗೆ ಉಜ್ಜಿ ಉಜ್ಜಿ ಕರಗಿಸಿ ರಾತ್ರಿ ಹಚ್ಚಿ ಕಾಲುಚೀಲ ಹಾಕ್ಕೊಂಡು ಮಲಗಿ. ಇದು ಔಷಧಿ ಅಂತಲ್ಲ, ಬಿರುಕು ಮುಚ್ಚೋ ಮೇಣ ಅಷ್ಟೇ, ಆದ್ರೆ ಎಷ್ಟೋ ಸಲ ಬೇಕಾಗಿರೋದು ಅದೇ.

ನೀರು ಒಸರ್ತಿದ್ರೆ ಎಣ್ಣೆ ಬಿಟ್ಟು ಚಹಾ. ಹಾಲು ಸಕ್ಕರೆ ಇಲ್ದೆ ಎರಡು ಚಮಚ ಟೀ ಪುಡಿ ಅರ್ಧ ಲೀಟರ್ ಬಿಸಿ ನೀರಲ್ಲಿ ಕಾಲು ಗಂಟೆ ಬಿಟ್ಟು ಸೋಸಿ ತಣ್ಣಗೆ ಮಾಡಿ, ಬಟ್ಟೆ ಅದ್ದಿ ಕಾಲು ಗಂಟೆ ಹಾಕಿ. ಅದರ ಒಗರು ಅಂದ್ರೆ ಟ್ಯಾನಿನ್ ಒಸರೋದನ್ನ ಬಿಗಿ ಹಿಡಿಯತ್ತೆ. ಜರ್ಮನಿ ಕಡೆ ಸ್ಕಿನ್ ಡಾಕ್ಟರುಗಳೇ ಇದನ್ನ ಹೇಳೋ ರೂಢಿ ಇದೆ.

ಬೇವು ಹೊರಗೆ ಸರಿ, ಎಲೆ ಕುದಿಸಿದ ನೀರು ಆರಿಸಿ ಸ್ನಾನಕ್ಕೆ ಬಳಸಿ. ಆದ್ರೆ ಬೇವಿನ ಎಣ್ಣೆನ ಚಿಕ್ಕ ಮಕ್ಕಳಿಗೆ ಕುಡಿಸೋ ಅಭ್ಯಾಸ ಇನ್ನೂ ಇದ್ರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಕೆಲವೇ ಎಂ.ಎಲ್. ಕುಡಿದು ವಾಂತಿ, ಫಿಟ್ಸ್ ಬಂದು ಮಕ್ಕಳು ತೀರ್ಕೊಂಡಿರೋದು ದಾಖಲಾಗಿದೆ.

ಮತ್ತೆ ಬೆಳ್ಳುಳ್ಳಿ, ನಿಂಬೆಹಣ್ಣು, ಎಕ್ಕದ ಹಾಲು, ಗೇರುಬೀಜದ ಸಿಪ್ಪೆ ಎಣ್ಣೆ, ಇವ್ಯಾವ್ದೂ ಉರಿಯೋ ಚರ್ಮದ ಹತ್ರ ಬರಕೂಡದು. ನಮ್ಮ ಭಾವ ಹುಳುಕಡ್ಡಿಗೆ ಬೆಳ್ಳುಳ್ಳಿ ಜಜ್ಜಿ ಬಟ್ಟೆ ಕಟ್ಕೊಂಡು ಮಲಗಿದ್ರು, ಬೆಳಿಗ್ಗೆ ಬಟ್ಟೆ ಬಿಚ್ಚಿದ್ರೆ ದೋಸೆ ಮೇಲಿನ ಗುಳ್ಳೆ ಥರ ಒಂದು ದೊಡ್ಡ ಬೊಕ್ಕೆ, ಸುಟ್ಟ ಗಾಯ ಅದು, ಕಲೆ ಇವತ್ತೂ ಇದೆ. ಹುಳುಕಡ್ಡಿನೂ ಹೋಗ್ಲಿಲ್ಲ. ನಿಂಬೆ ರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಬಿಸಿಲೂ ರಸನೂ ಸೇರಿ ಸುಟ್ಟು ಕಪ್ಪು ಪಟ್ಟೆ ಬೀಳತ್ತೆ.

ಮೂರನೇದು: ಮಾಡಿಟ್ಟಿದ್ದು ಕೆಡತ್ತೆ

ನೀರಲ್ಲಿ ಮಾಡಿದ ಯಾವ ಸಾರನೂ ಸಾರಿನ ಥರಾನೇ, ಹೊರಗಿಟ್ರೆ ಒಂದು ದಿನ, ಫ್ರಿಜ್ಜಲ್ಲಿ ಎರಡು, ಹೆಚ್ಚಂದ್ರೆ ಮೂರು. ವಾಸನೆ ಬರ್ದೇ ಇದ್ರೂ ಒಳಗೆ ಬ್ಯಾಕ್ಟೀರಿಯಾ ಬೆಳೆದಿರತ್ತೆ, ಬಿರುಕು ಚರ್ಮಕ್ಕೆ ಅದನ್ನ ಹಚ್ಚಿದ್ರೆ ಕೀವಾಗೋದೇ. ಎಣ್ಣೇಲಿ ಕಾಯಿಸೋರು ಎಲೆನ ಮೊದ್ಲು ನೆರಳಲ್ಲಿ ಗರಿಗರಿ ಒಣಗಿಸಿ, ಹಸಿ ಎಲೆ ಹಾಕಿದ್ರೆ ನೀರಂಶ ಉಳಿದು ಎಣ್ಣೆನೂ ಕೆಡತ್ತೆ. ಬಾಟಲಿ ಒಣಗಿರ್ಲಿ, ಬೆರಳು ಅದ್ದಬೇಡಿ, ತಾರೀಖು ಬರೆದು ಅಂಟಿಸಿ. ಒಂದ್ಸಲಕ್ಕೆ ಸ್ವಲ್ಪ ಮಾಡಿ. ನಾನು ಮೊದ್ಲು ಹಾರ್ಲಿಕ್ಸ್ ಬಾಟಲಿ ತುಂಬಾ ಮಾಡಿಟ್ಟು ಒಂದು ತಿಂಗಳು ಹಚ್ಕೊಂಡಿದ್ದೆ, ಇಸುಬಿಗಿಂತ ಅದರಿಂದಾನೇ ಜಾಸ್ತಿ ಕೆಟ್ಟಿತ್ತು ಅಂತ ಈಗ ಅನ್ಸತ್ತೆ.

ನಾಲ್ಕನೇದು: ಏಳು ದಿನ ಕಾಯಿರಿ

ಇದನ್ನ ಯಾರೂ ಮಾಡಲ್ಲ, ನಂಗೊತ್ತು. ಕೈ ಒಳಬದಿಯಲ್ಲಿ, ಮೊಣಕೈ ಕೆಳಗೆ, ಚೆನ್ನಾಗಿರೋ ಚರ್ಮದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂಗೆ ಏಳು ದಿನ ಹಚ್ಚಿ. ಯಾಕೆ ಅಷ್ಟು ದಿನ ಅಂದ್ರೆ, ಚುಚ್ಚೋದು, ಸುಡೋದು ತಕ್ಷಣ ಗೊತ್ತಾಗತ್ತೆ, ಆದ್ರೆ ಅಲರ್ಜಿ ಆಗೋದು ಎರಡು ಮೂರು ದಿನ ಆದ್ಮೇಲೆ, ಕೆಲವು ಸಲ ಇನ್ನೂ ಲೇಟು. ಬೆಳಿಗ್ಗೆ ಹಚ್ಚಿ ಸಂಜೆ ತನಕ ಏನೂ ಆಗ್ಲಿಲ್ಲ ಅಂತ ಇಡೀ ಮುಖಕ್ಕೆ ಬಳ್ಕೊಂಡೋರೇ ಆಮೇಲೆ ಒದ್ದಾಡೋದು. ಒಂದ್ಸಲಕ್ಕೆ ಒಂದೇ ಗಿಡ. ಐದು ಸೊಪ್ಪು ಸೇರಿಸಿ ಅರೆದ್ರೆ ಯಾವುದು ಆಯ್ತು ಯಾವುದು ಆಗ್ಲಿಲ್ಲ ಅಂತ ಗೊತ್ತಾಗೋದು ಹೇಗೆ?

ಐದನೇದು: ಹಚ್ಚೋ ಕ್ರಮ

ಸ್ನಾನ ಹತ್ತು ನಿಮಿಷದೊಳಗೆ ಮುಗಿಸಿ, ಸುಡೋ ನೀರು ಬೇಡ, ಟವೆಲಲ್ಲಿ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ಒದ್ದೆ ಇರೋವಾಗ್ಲೇ ಹಚ್ಚಿ. ನೀರಿನ ಸಾರ ಮೊದ್ಲು, ಅದರ ಮೇಲೆ ಕ್ರೀಮೋ ಎಣ್ಣೆನೋ. ಲೋಳೆಸರ ಒಂದನ್ನೇ ಹಚ್ಚಿ ಬಿಟ್ರೆ ನೀರು ಆರಿದಂಗೆ ಚರ್ಮ ಇನ್ನೂ ಬಿಗಿಯತ್ತೆ. ಅಳತೆಗೆ ಡಾಕ್ಟರುಗಳು ಒಂದು ಸುಲಭ ಲೆಕ್ಕ ಹೇಳ್ತಾರೆ: ಟ್ಯೂಬಿಂದ ತೋರುಬೆರಳ ತುದಿಯಿಂದ ಮೊದಲನೇ ಗೆರೆ ತನಕ ಒಂದು ಎಳೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.

ಡಾಕ್ಟರ್ ಕೊಟ್ಟ ಮುಲಾಮು ನಡೀತಿದ್ರೆ ಅದನ್ನ ನಿಲ್ಲಿಸಿ ಸೊಪ್ಪಿಗೆ ಹಾರಬೇಡಿ. ಎರಡೂ ಜೊತೆಗೆ ಆಗತ್ತಾ ಅಂತ ಅವರನ್ನೇ ಕೇಳಿ, ಬಯ್ಯಲ್ಲ. ಬೈದ್ರೂ ಪರವಾಗಿಲ್ಲ.

ಆರನೇದು: ಅಂಗಡಿ ಕ್ರೀಮ್ ತಗೊಳೋರಿಗೆ

ಡಬ್ಬಿ ಮುಂದೆ ಎಲೆ ಚಿತ್ರ ನೋಡ್ಬೇಡಿ, ಹಿಂದೆ ತಿರುಗಿಸಿ. ಕಾಸ್ಮೆಟಿಕ್ ಆದ್ರೆ ಜಾಸ್ತಿ ಇರೋದು ಮೊದ್ಲು, ಕಮ್ಮಿ ಇರೋದು ಆಮೇಲೆ ಬರೆದಿರ್ತಾರೆ. ಫಿನಾಕ್ಸಿಎಥನಾಲ್ ಅಂತ ಕೆಡದೇ ಇರೋಕೆ ಹಾಕೋ ವಸ್ತು ಇರತ್ತೆ, ಅದನ್ನ ಸಾಮಾನ್ಯವಾಗಿ ಶೇ. 1ಕ್ಕಿಂತ ಜಾಸ್ತಿ ಹಾಕಲ್ಲ, ನಿಮ್ಮ ಗಿಡದ ಹೆಸರು ಅದಕ್ಕಿಂತ ಕೆಳಗಿದ್ರೆ ಆ ಗಿಡ ಇರೋದು ಹೆಚ್ಚುಕಮ್ಮಿ ಹೆಸರಿಗೆ ಮಾತ್ರ. ಪರಿಮಳ ಸೇರಿಸಿದ್ದು ಇಸುಬಿನವರಿಗೆ ಬೇಡ.

ನಿಜವಾಗ್ಲೂ ಗಿಡದ ಸಾರದಿಂದ ಔಷಧಿ ಆಗಿರೋದು ಬೆರಳೆಣಿಕೆ. ಗ್ರೀನ್ ಟೀ ಸಾರದ ಮುಲಾಮು 2006ರಲ್ಲಿ ಒಂದು ಜಾತಿ ನರುಲಿಗೆ ಅಂತ ಅಮೆರಿಕದಲ್ಲಿ ಒಪ್ಪಿಗೆ ಪಡೀತು. ಬರ್ಚ್ ಮರದ ತೊಗಟೆ ಸಾರದ ಜೆಲ್ಲು, ನಮ್ಮ ಭೂರ್ಜಪತ್ರದ ಮರದ ಬಳಗದ್ದು, ಮುಟ್ಟಿದ್ರೆ ಚರ್ಮ ಕಿತ್ಕೊಂಡು ಬರೋ ಒಂದು ಹುಟ್ಟು ಕಾಯಿಲೆಯ ಗಾಯಕ್ಕೆ ಅಂತ 2022ರಲ್ಲಿ ಯುರೋಪಲ್ಲಿ, 2023ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಪಾಸಾಯ್ತು. ಪ್ರತಿ ಟ್ಯೂಬಲ್ಲೂ ಇಂಥ ಅಂಶ ಇಷ್ಟೇ ಇರತ್ತೆ ಅಂತ ಅಳೆದು ತೋರಿಸಿದ್ದಕ್ಕೆ, ರೋಗಿಗಳ ಮೇಲೆ ಹೋಲಿಸಿ ನೋಡಿದ್ದಕ್ಕೆ ಅವು ಗೆದ್ವು. ನಮ್ಮ ಹಿತ್ತಲ ಎಲೇಲಿ ಮಳೆಗಾಲಕ್ಕೊಂದು ಬೇಸಿಗೆಗೊಂದು ಲೆಕ್ಕ.

ಇನ್ನು, ಮೂರೇ ದಿನದಲ್ಲಿ ಮ್ಯಾಜಿಕ್ ಥರ ವಾಸಿ ಮಾಡೋ ಹರ್ಬಲ್ ಕ್ರೀಮ್ ಸಿಕ್ರೆ ಖುಷಿ ಪಡೋ ಮುಂಚೆ ಅನುಮಾನ ಪಡಿ. ಲಂಡನ್ನಲ್ಲಿ 1999ರಲ್ಲಿ 11 ಗಿಡಮೂಲಿಕೆ ಕ್ರೀಮ್ ಪರೀಕ್ಷೆ ಮಾಡಿದ್ರೆ 8ರಲ್ಲಿ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಇತ್ತು. ಬರ್ಮಿಂಗ್‌ಹ್ಯಾಮಲ್ಲಿ 2003ರಲ್ಲಿ ಇಂಥ 24 ಕ್ರೀಮ್ ನೋಡಿದ್ರೆ 20ರಲ್ಲಿ ಸ್ಟೀರಾಯ್ಡ್ ಇತ್ತು. ನಂಗೂ ಒಬ್ರು ಲೇಬಲ್ಲೇ ಇಲ್ಲದ ಹಸಿರು ಡಬ್ಬಿ ಕೊಟ್ಟಿದ್ರು, ನಾಲ್ಕು ದಿನಕ್ಕೆ ಕೈ ರೇಷ್ಮೆ, ನಿಲ್ಲಿಸಿದ ವಾರಕ್ಕೆ ಮೊದಲಿನ ಎರಡರಷ್ಟು ಬಂತು, ಬೆರಳ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಗಿತ್ತು. ಡಾಕ್ಟರ್ ಬರೆದು ಕೊಟ್ಟು, ಎಷ್ಟು ದಿನ ಅಂತ ಹೇಳಿ ಹಚ್ಚಿಸೋ ಸ್ಟೀರಾಯ್ಡ್ ಒಳ್ಳೇ ಔಷಧಿನೇ. ಗಿಡದ ಹೆಸರಲ್ಲಿ ಕದ್ದು ಬರೋದು, ಹುಳುಕಡ್ಡಿಗೆ ಮೆಡಿಕಲ್ ಶಾಪಿಂದ ಕೇಳಿ ತಗೊಳೋ, ಸ್ಟೀರಾಯ್ಡ್ ಸಮೇತ ಮೂರು ಔಷಧಿ ಸೇರಿಸಿದ ಟ್ಯೂಬು, ಅವೇ ತೊಂದರೆ.

ಎರಡು ವಾರ ನೋಡಿ. ವಾರಕ್ಕೆ ಎರಡು ಫೋಟೋ, ಒಂದೇ ಜಾಗ, ಒಂದೇ ಬೆಳಕು. ಕಮ್ಮಿ ಆಗ್ತಿಲ್ಲ ಅಂದ್ರೆ ಸ್ಕಿನ್ ಡಾಕ್ಟರ್ ಹತ್ರ ಹೋಗಿ, ಹೋಗೋವಾಗ ಏನೇನು ಹಚ್ಚಿದ್ರೋ ಅದನ್ನೆಲ್ಲಾ ಕವರಲ್ಲಿ ಹಾಕ್ಕೊಂಡು ಹೋಗಿ, ಡಬ್ಬಿ, ಟ್ಯೂಬು, ಎಲೆ ಸಮೇತ. ಚಿಕ್ಕಮ್ಮ ಲೋಳೆಸರ ಹಚ್ಚಿದ್ದು ಅಂತಾನೇ ಡಾಕ್ಟರ್ ಹತ್ರ ಹೇಳ್ತಾ ಇದ್ರು, ಅವರಿಗೂ ಅರ್ಥ ಆಗ್ದೆ ಲೋಳೆಸರಕ್ಕೆ ಹೀಗಾಗಲ್ವಲ್ಲ ಅಂತಿದ್ರು. ನಮ್ಮ ತಮ್ಮ ಬ್ಯಾಗಿಂದ ಪೇಪರಲ್ಲಿ ಸುತ್ತಿದ್ದ ಅರ್ಧ ಎಲೆ ತೆಗೆದು ಟೇಬಲ್ ಮೇಲಿಟ್ಟ, ನಾರು ಜೋತಾಡ್ತಾ ಇತ್ತು. ಡಾಕ್ಟರ್ ಗ್ಲೌಸ್ ಹಾಕ್ಕೊಂಡು ಅದನ್ನ ಎತ್ತಿ ನೋಡಿ, "ಅಮ್ಮಾ, ಇದರಲ್ಲಿ ಹಗ್ಗ ಮಾಡ್ತಾರೆ" ಅಂದ್ರು.